ಹಳೆಯ ನಾದಕ್ಕೆ ಮರಳುವ ಹೆವಿ ಮೆಟಲ್

ಸಂಗೀತದಲ್ಲಿ ಹೊಸತನ್ನು ಹುಡುಕುವವರಿಗೆ ಎಂದೂ ಬರವಿಲ್ಲ. ಹಿಂದೆ ಬಿಟ್ಟುಬಂದ ನಾದವನ್ನು ಮತ್ತೆ ಅರಸಿಕೊಂಡು ಹೋಗುವವರೂ ಎಲ್ಲ ಕಾಲದಲ್ಲೂ ಇದ್ದಾರೆ. ಬೆಂಗಳೂರಿನ 'ಕ್ರಿಪ್ಟೋಸ್' ಎಂಬ ಹೆವಿ ಮೆಟಲ್ ತಂಡ 2016ರಲ್ಲಿ 'ಬರ್ನ್ ಅಪ್ ದ ನೈಟ್' ಎಂಬ ಆಲ್ಬಮನ್ನು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಸಂಸ್ಥೆಯ ಮೂಲಕ ಹೊರತಂದಿತು. ಅದು ಆ ತಂಡದ ನಾಲ್ಕನೆಯ ಆಲ್ಬಂ. ಅದನ್ನು ಕೇಳಿದವರಿಗೆ ಮೊದಲು ಹೊಳೆಯುವ ಸಂಗತಿಯೆಂದರೆ, ಅದರ ನಾದ 2016ರದಲ್ಲ ಎಂಬುದು. ಎಪ್ಪತ್ತರ ದಶಕದ ಕೊನೆಯಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇಂಗ್ಲೆಂಡಿನ ತಂಡಗಳು ನುಡಿಸುತ್ತಿದ್ದ ನಾದ ಅದು.

ಇಲ್ಲೊಂದು ತೊಡಕಿದೆ. ಕ್ರಿಪ್ಟೋಸ್ ಹುಟ್ಟಿದ್ದು 1998ರಲ್ಲಿ. ತಾನು ಬಾಳದ ಕಾಲಕ್ಕೆ, ತಾನು ಬೆಳೆಯದ ಊರಿಗೆ ಒಬ್ಬ ಕಲಾವಿದ 'ಮರಳುವುದು' ಸಾಧ್ಯವೆ? ಅದು ಬರಿಯ ಅನುಕರಣೆಯಾಗಲಾರದೆ? ಪಾಶ್ಚಾತ್ಯ ಸಂಗೀತವನ್ನು ಹಿಡಿದ ನಮ್ಮ ಹುಡುಗರನ್ನು ಕುರಿತು ಹಿರಿಯರು ಕೇಳುತ್ತ ಬಂದಿರುವ ಪ್ರಶ್ನೆಯೂ ಬಹುಮಟ್ಟಿಗೆ ಇದೇ. ಉತ್ತರಿಸುವ ಮೊದಲು ಆ ಹಳೆಯ ನಾದ ಯಾವುದು, ಅದನ್ನು ಹುಟ್ಟಿಸಿದವರು ಅದರಿಂದ ಹೇಗೆ ದೂರ ಸರಿದರು, ಹೇಗೆ ಮರಳಿದರು ಎಂಬುದನ್ನು ತಿಳಿಯಬೇಕು.

ಕಾರ್ಖಾನೆಯ ಊರಿನ ಕೂಸು

ಹೆವಿ ಮೆಟಲ್ ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ. ಕಬ್ಬಿಣ, ಉಕ್ಕು, ಯಂತ್ರಗಳ ಊರು ಅದು. ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಅಲ್ಲಿನ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ. ಕೆಲಸ ಬಿಡಬೇಕಾಗಿದ್ದ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಎಡಚನಾದ ಅವನಿಗೆ ಗಿಟಾರಿನ ತಂತಿ ಒತ್ತಲು ಬೇಕಾದ ಕೈ ಅದೇ. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳುಗಳಿಗೆ ಟೊಪ್ಪಿಗೆಯಂತೆ ಮಾಡಿ ತೊಡಿಸಿಕೊಂಡ. ನೋವು ಕಡಿಮೆಯಾಗಲೆಂದು ತೆಳ್ಳನೆಯ ತಂತಿ ಕಟ್ಟಿದ. ಮುಂದೆ 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮಿನ ಹೊತ್ತಿಗೆ ತಂತಿಗಳನ್ನೇ ಸಡಿಲಿಸಿ ಶ್ರುತಿಯನ್ನು ತಗ್ಗಿಸಿದ. ಶ್ರುತಿ ತಗ್ಗಿದಂತೆ ನಾದ ಗಾಢವಾಯಿತು, ಭಾರವಾಯಿತು. ಗಾಯಾಳು ಬೆರಳಿಗೆ ಹುಡುಕಿಕೊಂಡ ಉಪಾಯ ಒಂದು ಸಂಗೀತ ಪ್ರಕಾರದ ಲಕ್ಷಣವೇ ಆಗಿಬಿಟ್ಟಿತು.

ಅಯೋಮಿ, ಗಾಯಕ ಓಜಿ ಆಸ್ಬೋರ್ನ್, ಬಾಸ್ ಗಿಟಾರಿನ ಗೀಜರ್ ಬಟ್ಲರ್, ಡ್ರಮ್ಸ್‌ನ ಬಿಲ್ ವಾರ್ಡ್ ಕೂಡಿ ಕಟ್ಟಿದ 'ಬ್ಲ್ಯಾಕ್ ಸಬ್ಬತ್' ತಂಡ ತನ್ನ ಮೊದಲ ಆಲ್ಬಮನ್ನು ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುದ್ರಿಸಿ 1970ರ ಫೆಬ್ರವರಿ 13ರಂದು ಹೊರತಂದಿತು. ಈ ಸಂಗೀತದ ಜೀವಾಳ 'ರಿಫ್'. ಮತ್ತೆ ಮತ್ತೆ ಮರುಕಳಿಸುವ, ಕೆಲವೇ ಸ್ವರಗಳ ಗಿಟಾರಿನ ವಾಕ್ಯ ಅದು. ನಮ್ಮ ಸಂಗೀತದಲ್ಲಿ ಪಲ್ಲವಿ ಕೃತಿಯನ್ನು ಹಿಡಿದಿಡುವಂತೆ ಇಲ್ಲಿ ರಿಫ್ ಹಾಡನ್ನು ಹಿಡಿದಿಡುತ್ತದೆ. ಅದೇ ಬರ್ಮಿಂಗ್‌ಹ್ಯಾಮ್ ಕಡೆಯ 'ಜುಡಾಸ್ ಪ್ರೀಸ್ಟ್' ತಂಡ ಎರಡು ಗಿಟಾರುಗಳನ್ನು ಜೋಡಿ ಎತ್ತುಗಳಂತೆ ಒಟ್ಟಿಗೆ ಓಡಿಸುವುದನ್ನು ತೋರಿಸಿಕೊಟ್ಟಿತು. 1980ರಲ್ಲಿ ಮೊದಲ ಆಲ್ಬಂ ತಂದ ಲಂಡನ್ನಿನ 'ಐರನ್ ಮೇಡನ್' ಆ ಜೋಡಿ ಗಿಟಾರಿಗೆ ವೇಗವನ್ನೂ ಕಥನವನ್ನೂ ಸೇರಿಸಿತು. ಬಿಗಿಯಾದ ರಿಫ್, ಜೊತೆಜೊತೆಯಾಗಿ ಸಾಗುವ ಎರಡು ಗಿಟಾರು, ಕೇಳಿದೊಡನೆ ನಾಲಿಗೆಗೆ ಬರುವ ಪಲ್ಲವಿ, ನಡುವೆ ಗಿಟಾರಿನ ಏಕವಾದನ, ಇವಿಷ್ಟು ಕೂಡಿದ್ದೇ ಮುಂದಿನವರು 'ಹಳೆಯ ನಾದ' ಎಂದು ಕರೆದದ್ದು.

ಅಗಲಿದವರು, ಮರಳಿದವರು

ಈ ಇಂಗ್ಲಿಷ್ ತಂಡಗಳನ್ನು ಕೇಳಿ ಬೆಳೆದ ಅಮೆರಿಕದ ಹುಡುಗರು 1981ರಲ್ಲಿ ಕಟ್ಟಿದ ತಂಡ 'ಮೆಟಾಲಿಕಾ'. ಅವರ ವೇಗ ಗುರುಗಳನ್ನೂ ಮೀರಿಸಿತು. 1986ರ 'ಮಾಸ್ಟರ್ ಆಫ್ ಪಪೆಟ್ಸ್' ಈ ಪ್ರಕಾರದ ಶಿಖರಗಳಲ್ಲಿ ಒಂದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಅವರ ಬಸ್ಸು ಉರುಳಿ ಬಾಸ್ ವಾದಕ ಕ್ಲಿಫ್ ಬರ್ಟನ್ ತೀರಿಕೊಂಡರು. 1991ರ ಹೊತ್ತಿಗೆ ತಂಡ ತನ್ನ ಹಾಡುಗಳನ್ನು ಮೊಟಕುಗೊಳಿಸಿ, ನಡೆಯನ್ನು ನಿಧಾನಿಸಿ, ಜಗತ್ತಿನ ಮನೆಮನೆಗೂ ಮುಟ್ಟಿತು. 1996 ಮತ್ತು 1997ರ ಆಲ್ಬಂಗಳಲ್ಲಿ ಹಳೆಯ ಬಿರುಸು ಮತ್ತಷ್ಟು ಇಳಿಯಿತು. 2003ರ 'ಸೇಂಟ್ ಆಂಗರ್' ಆಲ್ಬಮಿನಲ್ಲಿ ಬಿರುಸೇನೋ ಮರಳಿತು. ಆದರೆ ಗಿಟಾರಿನ ಏಕವಾದನ ಒಂದೂ ಇರಲಿಲ್ಲ. ಡ್ರಮ್ಮಿನ ಸದ್ದು ತಗಡು ಬಡಿದಂತಿದೆಯೆಂದು ಅಭಿಮಾನಿಗಳೇ ದೂರಿದರು.

ಆಗ ಅವರು ಮೊರೆಹೋದದ್ದು ರಿಕ್ ರೂಬಿನ್ ಎಂಬ ನಿರ್ಮಾಪಕರಿಗೆ. 'ಮಾಸ್ಟರ್ ಆಫ್ ಪಪೆಟ್ಸ್' ರಚಿಸುವಾಗ ಏನನ್ನು ಕೇಳುತ್ತಿದ್ದಿರಿ, ಹೇಗೆ ಯೋಚಿಸುತ್ತಿದ್ದಿರಿ ಎಂಬುದನ್ನು ನೆನಪಿಗೆ ತಂದುಕೊಳ್ಳಿ ಎಂಬುದು ರೂಬಿನ್ ಸಲಹೆಯ ತಿರುಳು. ಸ್ಟುಡಿಯೋದಲ್ಲಿ ಕುಳಿತು ಹಾಡು ಹೊಸೆಯುವ ಬದಲು, ಚೆನ್ನಾಗಿ ತಾಲೀಮು ಮಾಡಿಕೊಂಡು ಮುದ್ರಣಕ್ಕೆ ಬರಬೇಕೆಂದೂ ಅವರು ಹೇಳಿದರು. 2008ರ ಸೆಪ್ಟೆಂಬರ್ 12ರಂದು ಬಂದ 'ಡೆತ್ ಮ್ಯಾಗ್ನೆಟಿಕ್' ಇದರ ಫಲ. ಹತ್ತೇ ಹಾಡು, ಎಪ್ಪತ್ತನಾಲ್ಕು ನಿಮಿಷಕ್ಕೂ ಮೀರಿದ ಅವಧಿ. ಏಕವಾದನಗಳು ಮರಳಿದವು, ತಗ್ಗಿಸಿದ್ದ ಶ್ರುತಿ ಬಹುತೇಕ ಹಾಡುಗಳಲ್ಲಿ ಮೊದಲಿನ ಮಟ್ಟಕ್ಕೆ ಏರಿತು. 1988ರ ನಂತರ ಬಿಟ್ಟೇಹೋಗಿದ್ದ, ಹಾಡುಗಾರಿಕೆಯಿಲ್ಲದ ವಾದ್ಯರಚನೆಯೊಂದೂ ಕಾಣಿಸಿಕೊಂಡಿತು. ಅಮೆರಿಕದಲ್ಲಿ ಮೂರೇ ದಿನಗಳಲ್ಲಿ 4 ಲಕ್ಷ 90 ಸಾವಿರ ಪ್ರತಿಗಳು ಮಾರಾಟವಾದವು.

ಹಾಗೆಂದು ಆ ಮರಳುವಿಕೆ ಪೂರ್ಣವಾಯಿತೆ? ರಚನೆ ಹಳೆಯದಾದರೂ ಮುದ್ರಣ ಹೊಸ ಕಾಲದ್ದಾಗಿತ್ತು. ಸಿ.ಡಿ. ಯುಗದಲ್ಲಿ ಪ್ರತಿ ಕಂಪನಿಗೂ ತನ್ನ ಹಾಡು ಪಕ್ಕದ ಹಾಡಿಗಿಂತ ಜೋರಾಗಿ ಕೇಳಬೇಕೆಂಬ ಹಟ. ಅದಕ್ಕಾಗಿ ಮೆಲುದನಿಯನ್ನು ಮೇಲೆತ್ತಿ, ಗಟ್ಟಿದನಿಯ ತುದಿಯನ್ನು ಕತ್ತರಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರುತ್ತಾರೆ. ಜಾತ್ರೆಯ ನಾಟಕದಲ್ಲಿ ಮೈಕಿನವನು ಪಿಸುಮಾತನ್ನೂ ಗರ್ಜನೆಯನ್ನೂ ಒಂದೇ ಗಟ್ಟಿಯಲ್ಲಿ ಕೇಳಿಸಿದರೆ ರಸಭಂಗವಾಗುವುದಿಲ್ಲವೆ, ಹಾಗೆ. 'ಡೆತ್ ಮ್ಯಾಗ್ನೆಟಿಕ್' ಹಾಡುಗಳು 'ಗಿಟಾರ್ ಹೀರೋ' ಎಂಬ ವಿಡಿಯೊ ಆಟದಲ್ಲೂ ಬಂದಿದ್ದವು. ಆಟದ ಪ್ರತಿಯಲ್ಲಿ ಈ ಒತ್ತಡ ಅಷ್ಟಾಗಿ ಇರಲಿಲ್ಲ. ಎರಡನ್ನೂ ಹೋಲಿಸಿ ಕೇಳಿದವರು, ಆಟದಲ್ಲಿರುವ ನಾದವೇ ಮೇಲು ಎಂದರು. ಆಲ್ಬಮನ್ನು ಮತ್ತೆ ಹದಗೊಳಿಸಿ ಕೊಡಿ ಎಂಬ ಮನವಿಗೆ ಸಾವಿರಾರು ಜನ ಸಹಿ ಹಾಕಿದರು. ಹಳೆಯ ನಾದವೆಂದರೆ ಸ್ವರಗಳಷ್ಟೇ ಅಲ್ಲ, ಸ್ವರಗಳ ನಡುವಿನ ಉಸಿರೂ ಹೌದು ಎಂಬುದು ಈ ಪ್ರಸಂಗದಿಂದ ಗೊತ್ತಾಯಿತು.

ಮರಳುವುದಕ್ಕೆ ಬೇರೆ ದಾರಿಯೂ ಇದೆ. ಐರನ್ ಮೇಡನ್ ತಂಡಕ್ಕೆ 1999ರಲ್ಲಿ ಗಾಯಕ ಬ್ರೂಸ್ ಡಿಕಿನ್ಸನ್ ಮತ್ತು ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ವಾಪಸಾದರು. ಮರುವರ್ಷದ 'ಬ್ರೇವ್ ನ್ಯೂ ವರ್ಲ್ಡ್' ಆ ಪುನರ್ಮಿಲನದ ಆಲ್ಬಂ. ಅಲ್ಲಿ ಮರಳಿದ್ದು ವ್ಯಕ್ತಿಗಳು, ಮೆಟಾಲಿಕಾದಲ್ಲಿ ಮರಳಿದ್ದು ವಿಧಾನ. ಬ್ಲ್ಯಾಕ್ ಸಬ್ಬತ್ ಕೂಡ 2013ರಲ್ಲಿ ಅದೇ ರೂಬಿನ್ ಮಾರ್ಗದರ್ಶನದಲ್ಲಿ, 1970ರ ತನ್ನ ಚೊಚ್ಚಲ ಆಲ್ಬಮನ್ನೇ ಮಾದರಿಯಾಗಿಟ್ಟುಕೊಂಡು '13' ಎಂಬ ಆಲ್ಬಂ ಮಾಡಿತು. ಬಿಲ್ ವಾರ್ಡ್ ಮಾತ್ರ ಅದರಲ್ಲಿರಲಿಲ್ಲ. ಆದರೂ ಬ್ರಿಟನ್ನಿನ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಆ ತಂಡ ಹಿಂದೊಮ್ಮೆ ಅಲ್ಲಿಗೆ ಏರಿ ನಾಲ್ಕು ದಶಕಗಳೇ ಕಳೆದಿದ್ದವು. ಈ ಮೂವರೂ ಮರಳಿದ್ದು ತಮ್ಮದೇ ಯೌವನಕ್ಕೆ. ಬೆಂಗಳೂರಿನ ಕಥೆ ಹಾಗಲ್ಲ.

ಮೈಸೂರಿನ ಅರಸರ ಕಿವಿ

ಪಾಶ್ಚಾತ್ಯ ಸಂಗೀತವನ್ನು ಮನಸ್ಸಿಟ್ಟು ಕೇಳುವುದು ಕನ್ನಡನಾಡಿಗೆ ಹೊಸತೇನಲ್ಲ. ಬೆಂಗಳೂರಿನ ದಂಡು ಪ್ರದೇಶದ ಬ್ಯಾಂಡುಗಳ ಮಾತು ಹಾಗಿರಲಿ, ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ ಉದಾಹರಣೆಯೇ ಸಾಕು. ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಾದ ಅವರು, ಪಿಯಾನೊ ಬಲ್ಲವರೂ ಆಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು ಸೊಸೈಟಿಯೊಂದನ್ನು ಹುಟ್ಟುಹಾಕಿ, ಹಣ ಒದಗಿಸಿದವರು ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಂಚೆರ್ಟೊವನ್ನು ಒಡೆಯರಿಗೆ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗ ನಡೆದದ್ದಕ್ಕೂ ಒಡೆಯರ ನೆರವಿತ್ತು.

ಇಲ್ಲಿ ಗಮನಿಸತಕ್ಕದ್ದು ಮೆಟ್ನರ್ ಎಂಥ ರಚನಕಾರರೆಂಬುದು. ಅವರ ಕಾಲದ ಯುರೋಪಿನಲ್ಲಿ ಆಧುನಿಕತೆಯ ಅಲೆ ಎದ್ದಿತ್ತು. ಹಿಂದಿನ ಶತಮಾನದ ಸ್ವರಸಂಬಂಧಗಳನ್ನು ಮುರಿಯುವುದೇ ಅಂದಿನ ರೂಢಿ. ಮೆಟ್ನರ್ ಅದಕ್ಕೆ ಬೆನ್ನುಹಾಕಿ ಹಳೆಯ ಮಾರ್ಗದಲ್ಲೇ ನಡೆದರು. 1935ರಲ್ಲಿ ಆ ನಿಲುವನ್ನು ಸಮರ್ಥಿಸಿ ಪುಸ್ತಕವನ್ನೂ ಬರೆದರು. ಕಾಲ ಅವರನ್ನು ಮೂಲೆಗೆ ತಳ್ಳಿತ್ತು. ಸಾವಿರಾರು ಮೈಲಿ ಆಚೆಯ ಮೈಸೂರಿನ ಅರಸರು ಆ ಹಳೆಯ ನಾದದ ಬೆಲೆಯನ್ನು ಕಂಡರು. 1951ರಲ್ಲಿ ಮೆಟ್ನರ್ ತೀರಿಕೊಳ್ಳುವ ಮೊದಲು ಸ್ವತಃ ನುಡಿಸಿದ ಅವರ ಕೃತಿಗಳು ಇಂದಿಗೂ ಕೇಳಲು ಸಿಗುವುದು ಆ ನೆರವಿನಿಂದ. ಒಂದು ನಾದ ಹುಟ್ಟಿದ ಊರಿನಲ್ಲಿ ಹಳತಾದಾಗ ದೂರದ ಕೇಳುಗ ಅದನ್ನು ಕಾಪಾಡಿದ ಉದಾಹರಣೆ ಇದು.

ಕ್ಯಾಸೆಟ್ಟಿನಲ್ಲಿ ಬಂದ ಕಾಲ

ಅರಸರ ಕಾಲದಲ್ಲಿ ಗ್ರಾಮಫೋನ್ ತಟ್ಟೆಗಳು ಮಾಡಿದ ಕೆಲಸವನ್ನು ಎಂಬತ್ತು-ತೊಂಬತ್ತರ ದಶಕಗಳಲ್ಲಿ ಜನಸಾಮಾನ್ಯರಿಗಾಗಿ ಮಾಡಿದ್ದು ಕ್ಯಾಸೆಟ್ಟು. ವಿದೇಶದ ನೆಂಟರೋ ಗೆಳೆಯರೋ ತಂದ ಒಂದು ಕ್ಯಾಸೆಟ್ಟು ಹತ್ತಾರು ಪ್ರತಿಗಳಾಗಿ ಕೈಯಿಂದ ಕೈಗೆ ಹೋಗುತ್ತಿತ್ತು. ಪ್ರತಿಯಿಂದ ಪ್ರತಿಗೆ 'ಸುಯ್' ಎಂಬ ಸದ್ದು ಹೆಚ್ಚಾಗುತ್ತಿತ್ತು, ಹಾಡು ಮಸುಕಾಗುತ್ತಿತ್ತು. 1991ರಲ್ಲಿ ಸ್ಟಾರ್ ವಾಹಿನಿಗಳ ಜೊತೆ ಎಂಟಿವಿ ಬಂದ ಮೇಲೆ ಕೇಳಿದ್ದ ತಂಡಗಳನ್ನು ಕಣ್ಣಾರೆ ಕಾಣುವಂತಾಯಿತು. ವಿದೇಶದ ಗಿಟಾರು ಕೈಗೆಟುಕದ ಹುಡುಗರಿಗೆ ಕಲ್ಕತ್ತದ ಗಿವ್ಸನ್ ಗಿಟಾರೇ ಗತಿ.

ಈ ಬರುವಿಕೆಯಲ್ಲಿ ಒಂದು ವಿಶೇಷವಿದೆ. ಇಂಗ್ಲೆಂಡಿನ ಕೇಳುಗನಿಗೆ 1970, 1980, 1986 ಒಂದಾದ ಮೇಲೊಂದು ಬಂದ ಕಾಲಘಟ್ಟಗಳು. ಬೆಂಗಳೂರಿನ ಹುಡುಗನಿಗೆ ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್, ಮೆಟಾಲಿಕಾ ಒಂದೇ ಬೇಸಿಗೆ ರಜೆಯಲ್ಲಿ ಒಂದೇ ಚೀಲದಲ್ಲಿ ಬಂದಿರಬಹುದು. ಮೂಲದಲ್ಲಿ ಹತ್ತು-ಹದಿನೈದು ವರ್ಷಗಳ ಅಂತರವಿದ್ದ ಆಲ್ಬಂಗಳು ಅವನಿಗೆ ಸಮಕಾಲೀನ. 'ಹಳೆಯದು' ಎಂಬ ಚೀಟಿ ಅಂಟಿಕೊಳ್ಳುವ ಮೊದಲೇ ಆ ನಾದ ಅವನ ಹರೆಯದ ಭಾಗವಾಗಿಬಿಟ್ಟಿತು. ಆದ್ದರಿಂದ ಕ್ರಿಪ್ಟೋಸ್‌ನಂತಹ ತಂಡ ಎಂಬತ್ತರ ದಶಕದ ನಾದಕ್ಕೆ ಹೋಗುವುದು ಪರರ ನೆನಪನ್ನು ಕದಿಯುವುದಲ್ಲ. ತಡವಾಗಿ ತಲುಪಿದ ಕಾಗದವನ್ನು, ತಲುಪಿದ ದಿನದ ಹುರುಪಿನಿಂದಲೇ ಓದಿದ ಹಾಗೆ ಅದು.

ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳು, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ 'ಸ್ಟ್ರಾಬೆರಿ ಫೀಲ್ಡ್ಸ್', ಸ್ವಾತಂತ್ರ್ಯ ದಿನದ ಸುಮಾರಿಗೆ ನಡೆಯುವ 'ಫ್ರೀಡಂ ಜ್ಯಾಮ್' ಇಂಥ ತಂಡಗಳಿಗೆ ವೇದಿಕೆಯಾದವು. ಬೆಂಗಳೂರಿಗೆ ಓದಲೆಂದು, ಕೆಲಸಕ್ಕೆಂದು ಬಂದ ಜಿಲ್ಲೆಗಳ ಹುಡುಗರೂ ಈ ಸಂಗೀತವನ್ನು ಮೊದಲು ನೇರವಾಗಿ ಕೇಳಿದ್ದು ಇಂಥಲ್ಲೇ. ಮುಂದೆ ಮೂಲ ತಂಡಗಳೇ ಬಂದವು. 2007ರ ಮಾರ್ಚ್ 17ರಂದು ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. 2011ರ ಅಕ್ಟೋಬರ್ 30ರಂದು, ದೆಹಲಿ ಬಳಿಯ ಗುಡಗಾಂವ್ ಕಾರ್ಯಕ್ರಮ ರದ್ದಾದ ಎರಡು ದಿನಗಳಲ್ಲಿ, ಮೆಟಾಲಿಕಾ ಅದೇ ಅರಮನೆ ಮೈದಾನಕ್ಕೆ ಬಂದಿತು.

ಕ್ರಿಪ್ಟೋಸ್ ತುಳಿದ ಹಾದಿ

ಇಷ್ಟರಲ್ಲಿ ಕ್ರಿಪ್ಟೋಸ್ ಮೂರು ಆಲ್ಬಂಗಳ ಹಾದಿಯಲ್ಲಿತ್ತು. ಗಾಯಕ ಹಾಗೂ ಗಿಟಾರ್ ವಾದಕ ನೋಲನ್ ಲೂಯಿಸ್ ಈ ತಂಡವನ್ನು ಆರಂಭದಿಂದ ನಡೆಸಿಕೊಂಡು ಬಂದವರು. ಚೊಚ್ಚಲ ಆಲ್ಬಂ 'ಸ್ಪೈರಲ್ ಅಸೆಂಟ್' ಬಂದದ್ದು 2004ರಲ್ಲಿ, 'ದ ಆರ್ಕ್ ಆಫ್ ಜೆಮಿನಿ' 2008ರಲ್ಲಿ, 'ದ ಕಾಯಿಲ್ಸ್ ಆಫ್ ಅಪೋಲಿಯನ್' 2012ರಲ್ಲಿ. ಅಷ್ಟರೊಳಗೆ ಯುರೋಪಿನ ಪ್ರವಾಸವೂ ಆಗಿತ್ತು. 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ನಡೆಯುವ ಜಗತ್ಪ್ರಸಿದ್ಧ ಹೆವಿ ಮೆಟಲ್ ಉತ್ಸವದಲ್ಲಿ ಈ ತಂಡ ನುಡಿಸಿತು.

ಜಗತ್ತಿನ ಹೆವಿ ಮೆಟಲ್ ಆ ವರ್ಷಗಳಲ್ಲಿ ಸಾಗುತ್ತಿದ್ದ ದಿಕ್ಕು ಬೇರೆ. ಶ್ರುತಿಯನ್ನು ಇನ್ನೂ ತಗ್ಗಿಸುವುದು, ಏಳೆಂಟು ತಂತಿಯ ಗಿಟಾರು, ಲೆಕ್ಕ ಹಾಕಿ ಹಿಡಿಯಬೇಕಾದ ತಾಳ, ಕಂಪ್ಯೂಟರಿನಲ್ಲಿ ತಿದ್ದಿ ತೀಡಿದ ಡ್ರಮ್ಸ್ ಅಂದಿನ ಹೊಸ ತಂಡಗಳ ಒಲವಾಗಿದ್ದವು. ಭಾರತದ ಹಲವು ತಂಡಗಳೂ ಆ ದಾರಿ ಹಿಡಿದಿದ್ದವು. ಕ್ರಿಪ್ಟೋಸ್‌ನ ಮೊದಲ ಆಲ್ಬಂಗಳಲ್ಲೂ ಗಾಢ ಛಾಯೆ, ತಿರುವುಮುರುವಿನ ರಚನೆಗಳಿದ್ದವು. 'ಬರ್ನ್ ಅಪ್ ದ ನೈಟ್' ಹೊತ್ತಿಗೆ ತಂಡ ಇವನ್ನೆಲ್ಲ ಕಳಚಿಟ್ಟಿತು. ನೇರವಾದ ರಿಫ್, ಜೋಡಿ ಗಿಟಾರು, ಹೆದ್ದಾರಿಯಲ್ಲಿ ಓಡುವ ಮೋಟಾರ್ ಸೈಕಲಿನಂತಹ ನಡೆ. ಒಂದೇ ಮಾತಿನಲ್ಲಿ, ಜುಡಾಸ್ ಪ್ರೀಸ್ಟ್ ಕಾಲದ ಸರಳತೆ.

ಒಂದನ್ನು ಮಾತ್ರ ಅದು ಬಿಡಲಿಲ್ಲ. ಹಳೆಯ ಇಂಗ್ಲಿಷ್ ತಂಡಗಳ ಗಾಯಕರು ತಾರಸ್ಥಾಯಿಯಲ್ಲಿ ಚೀರುವವರು. ಲೂಯಿಸರದು ಒರಟಾದ, ಕೆರೆಯುವ ದನಿ. ಆ ದನಿ ಬಂದದ್ದು ಎಂಬತ್ತರ ದಶಕದ ಉತ್ತರಾರ್ಧದ, ಇನ್ನೂ ಕಟುವಾದ ತಂಡಗಳ ಪರಂಪರೆಯಿಂದ. ಮೂಲದಲ್ಲಿ ಬೇರೆ ಬೇರೆ ಕಾಲಕ್ಕೆ ಸೇರಿದ ಎರಡನ್ನು ಕ್ರಿಪ್ಟೋಸ್ ಒಂದೇ ಹಾಡಿನಲ್ಲಿ ಕೂಡಿಸಿತು. ಕ್ಯಾಸೆಟ್ಟಿನ ಒಂದೇ ಚೀಲದಲ್ಲಿ ಎಲ್ಲ ಕಾಲಗಳೂ ಬಂದ ಊರಿನಲ್ಲಿ ಈ ಬೆರಕೆ ಸಹಜ. ತದ್ರೂಪು ನಕಲು ಮಾಡುವವನಿಗೆ ಇಂಥ ಜೋಡಣೆ ಹೊಳೆಯಲಾರದು.

ಈ ನಿರ್ಧಾರ ಸುಲಭದ್ದಾಗಿರಲಿಲ್ಲ ಎಂಬುದನ್ನು ನೆನೆಯಬೇಕು. ಮೆಟಾಲಿಕಾ ಮರಳಿದಾಗ ಕೋಟ್ಯಂತರ ಅಭಿಮಾನಿಗಳು ಬಾಗಿಲಲ್ಲಿ ಕಾದಿದ್ದರು. ಹೆವಿ ಮೆಟಲ್ ನುಡಿಸಿ ಹೊಟ್ಟೆ ಹೊರೆಯುವುದು ಇಂಡಿಯಾದಲ್ಲಿ ಕಷ್ಟ. ಸಿನಿಮಾ ಹಾಡಿನ ಮಾರುಕಟ್ಟೆಯ ನೆರಳು ಇದರ ಮೇಲೆ ಬೀಳುವುದಿಲ್ಲ. ಯುರೋಪಿನ ಕೇಳುಗ ಪೂರ್ವದಿಂದ ಬಂದ ತಂಡದಲ್ಲಿ ಸಿತಾರು, ತಬಲಾ, ಮಂತ್ರಘೋಷಗಳನ್ನು ನಿರೀಕ್ಷಿಸುವುದೂ ಉಂಟು. ಅದನ್ನು ಕೊಟ್ಟರೆ ಬೇಗ ಗುರುತು ಸಿಗುತ್ತದೆ. ಕ್ರಿಪ್ಟೋಸ್ ಆ ವೇಷವನ್ನೂ ತೊಡಲಿಲ್ಲ. ಈ ಭಾಷೆಯನ್ನು ನಾವೂ ಚಿಕ್ಕಂದಿನಿಂದ ಕಲಿತಿದ್ದೇವೆ, ಇದರಲ್ಲೇ ಆಡುತ್ತೇವೆ ಎಂಬಂತೆ ನುಡಿಸಿತು. ಮಂಗಳೂರಿನ ಕಡೆಯ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕರ್ನಾಟಕ ಸಂಗೀತ ನುಡಿಸಿ, ಪರದೇಶದ ವಾದ್ಯವನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಕ್ರಿಪ್ಟೋಸ್ ಪರದೇಶದ ಸಂಗೀತವನ್ನೇ ತನ್ನದಾಗಿಸಿಕೊಂಡಿತು. ದಾರಿ ಬೇರೆಯಾದರೂ ಎರಡಕ್ಕೂ ಬೇಕಾದದ್ದು ವರ್ಷಗಟ್ಟಲೆಯ ಸಾಧನೆಯೇ.

ನುಗ್ಗೇಹಳ್ಳಿಯ ಎರಡು ಕೈಗಳು

ಬಳುವಳಿಯಾಗಿ ಬಂದ ಅಚ್ಚಿನಲ್ಲಿ ಸ್ವಂತಿಕೆಗೆ ಜಾಗವೆಲ್ಲಿ ಎಂದು ಕೇಳುವವರು ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿಬರಬಹುದು. ಅಲ್ಲಿನ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಬೇಲೂರಿನ ದೇವಾಲಯ ಎದ್ದು ಆ ಹೊತ್ತಿಗೆ ನೂರಿಪ್ಪತ್ತೊಂಬತ್ತು ವರ್ಷ. ಆನೆ-ಕುದುರೆಗಳ ಸಾಲು, ಗೋಡೆಯ ದೇವತಾಮೂರ್ತಿಗಳು ಎಲ್ಲವೂ ಹಿಂದಿನವರು ಹಾಕಿಕೊಟ್ಟ ಮಾದರಿ. ಆದರೆ ಮೂರ್ತಿಗಳ ಕೆಳಗೆ ಶಿಲ್ಪಿಗಳ ರುಜುವಿದೆ. ದಕ್ಷಿಣದ ಗೋಡೆಯಲ್ಲಿ ಬೈಚೋಜನ ಕೈ ಕಂಡರೆ, ಉತ್ತರದಲ್ಲಿ ಮಲ್ಲಿತಮ್ಮನದು. ಅದೇ ದೇವತೆಗಳು, ಅದೇ ಬಳಪದ ಕಲ್ಲು, ಆದರೂ ಎರಡು ಗೋಡೆಗಳ ಕೆಲಸದಲ್ಲಿ ವ್ಯತ್ಯಾಸ ಕಾಣುತ್ತದೆ. ಇದೇ ಮಲ್ಲಿತಮ್ಮ ಇಪ್ಪತ್ತೆರಡು ವರ್ಷಗಳ ಅನಂತರ ಸೋಮನಾಥಪುರದ ಗೋಡೆಗಳ ಮೇಲೂ ಹೆಸರು ಕೊರೆದಿದ್ದಾನೆ. ಮಾದರಿ ಹಳೆಯದೆಂದು ಯಾರೂ ಅವನನ್ನು ಅನುಕರಣಕಾರನೆನ್ನುವುದಿಲ್ಲ.

ಸಂಗೀತದಲ್ಲೂ ಕೇಳಬೇಕಾದದ್ದು ಈ ಕೈಯ ಗುರುತನ್ನೇ. 'ಡೆತ್ ಮ್ಯಾಗ್ನೆಟಿಕ್' ತನ್ನ ಹಳೆಯ ರಚನೆಯನ್ನು ಮರಳಿ ಪಡೆದರೂ ಹಳೆಯ ಉಸಿರನ್ನು ಪೂರ್ತಿ ಪಡೆಯಲಿಲ್ಲ. ತನ್ನದೇ ಗತಕಾಲವಾದ ಮಾತ್ರಕ್ಕೆ ಅದು ತಾನಾಗಿ ಕೈಗೆ ಬರುವುದಿಲ್ಲ. ತನ್ನದಲ್ಲದ ಗತಕಾಲವೂ ಆಯ್ಕೆ ಮತ್ತು ಸಾಧನೆಯ ಬಲದಿಂದ ಒಲಿಯಬಲ್ಲದು. ಹಳೆಯದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಮರಳುವಿಕೆಯನ್ನು ನಕಲಿನಿಂದ ಬೇರ್ಪಡಿಸುತ್ತದೆ.

ಕ್ರಿಪ್ಟೋಸ್ ಹಿಡಿದ ಹಾದಿಯನ್ನು ಮುಂದೆ ಬಿಡಲಿಲ್ಲ. 2019ರಲ್ಲಿ 'ಆಫ್ಟರ್‌ಬರ್ನರ್', 2021ರಲ್ಲಿ 'ಫೋರ್ಸ್ ಆಫ್ ಡೇಂಜರ್', 2024ರಲ್ಲಿ 'ಡೆಸಿಮೇಟರ್' ಅದೇ ನಾದದಲ್ಲಿ ಬಂದವು. ಇತ್ತ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರೂ ಕಡೆಯ ಬಾರಿಗೆ ಒಟ್ಟಾಗಿ ನುಡಿಸಿದರು. ಕಾರ್ಯಕ್ರಮಕ್ಕಿದ್ದ ಹೆಸರೇ 'ಮರಳಿ ಆರಂಭಕ್ಕೆ' ಎಂಬರ್ಥದ್ದು. ನಿಂತು ಹಾಡಲಾರದ ಆಸ್ಬೋರ್ನ್ ಸಿಂಹಾಸನದಂತಹ ಕುರ್ಚಿಯಲ್ಲಿ ಕುಳಿತು ಹಾಡಿದರು. ಹದಿನೇಳು ದಿನಗಳ ನಂತರ, ಜುಲೈ 22ರಂದು, 76ನೆಯ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ಆ ನಾದವನ್ನು ಮೊದಲು ನುಡಿಸಿದವರು ಹೀಗೆ ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ. ಅದನ್ನು ದೂರದಲ್ಲಿ ಕೇಳಿ ಕಲಿತ ಬೆಂಗಳೂರಿನಂತಹ ಊರುಗಳ ತಂಡಗಳ ಕೈಯಲ್ಲಿ ಅದು ಇನ್ನೂ ನುಡಿಯುತ್ತಿದೆ.